ಹಿನ್ನೀರಿನ ಅಡಿಯ ಊರು

ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟೋ ತುಂಗೆ, ಭದ್ರೆ ಕೂಡ್ಲಿಯಲ್ಲಿ ಒಂದಾಗಿ, ಹರಪನಹಳ್ಳಿ, ಹಡಗಲಿ ಸೀಮೆ ಬಳಸಿಕೊಂಡು ಬರ್ತಾವೆ. ಕೂಡ್ಲಿಗಿ, ಕೊಟ್ಟೂರಲ್ಲಿ ನಾವು ಮೋಡ ನೋಡ್ತಾ ಕೂತಿದ್ರೂ, ಮಲೆನಾಡಲ್ಲಿ ಮಳೆಯಾದ್ರೆ ಹೊಳೆ ತುಂಬುತ್ತೆ. ನಮ್ಮ ಹಿರಿಯರಿಗೆ ಹೊಳೆ ಅಂದ್ರೆ ಮೈಲಾರ, ಕುರುವತ್ತಿ ಜಾತ್ರೆ: ಮಿಂದು, ದಡದಲ್ಲಿ ಬುತ್ತಿ ಬಿಚ್ಚೋದು. ನಮಗೆ ವೀಕೆಂಡಿನ ಹಿನ್ನೀರು.

ಆ ಹಿನ್ನೀರಿಗೂ ಒಂದು ಇತಿಹಾಸ ಇದೆ. 1945ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. 1953ರಲ್ಲಿ ನೀರು ನಿಂತಿತು. ಸುಮಾರು 90 ಹಳ್ಳಿಗಳು ಮುಳುಗಡೆಗೆ ಸಿಕ್ಕವು. ನಾರಾಯಣದೇವರಕೆರೆ ಮುಳುಗಿ, ಅಲ್ಲಿಯ ಜನ ಮರಿಯಮ್ಮನಹಳ್ಳಿಯಲ್ಲಿ ಹೊಸದಾಗಿ ಬದುಕು ಕಟ್ಟಿಕೊಂಡರು. ಅವರು ಬಿಟ್ಟುಕೊಟ್ಟ ನೆಲದ ಮೇಲೆ ನಿಂತ ನೀರು ಎಷ್ಟೋ ಊರಿನ ಗದ್ದೆ ಹಸಿರು ಮಾಡಿತು.

ಸೆಲ್ಫಿ ಬೇಡ ಅನ್ನಲ್ಲ. ಫೋಟೋ ಕೆಳಗೆ ಬರೀ ‘ಟಿಬಿ ಡ್ಯಾಮ್’ ಅಂತ ಬರೆಯೋ ಬದಲು, ನಾರಾಯಣದೇವರಕೆರೆ ಅಂತಲೂ ಬರೆಯೋಣ.