ಕ್ರೀಡೆಯಲ್ಲಿ ಹುಟ್ಟುಗುಣದ ಅನುಕೂಲ: ನ್ಯಾಯದ ಗೆರೆ ಎಲ್ಲಿ?

ಸ್ಪರ್ಧೆಗೆ ಇಳಿಯುವ ದೇಹಗಳು ಎಂದೂ ಸಮಾನವಲ್ಲ. ಎತ್ತರ, ತೋಳಿನ ಉದ್ದ, ಸ್ನಾಯುವಿನ ಗುಣ ಇವೆಲ್ಲ ಬಹುಮಟ್ಟಿಗೆ ಹುಟ್ಟಿನಿಂದ ಬರುವಂಥವು. ಉದ್ದೀಪನ ಮದ್ದಿನ ಸೇವನೆ ಅಪರಾಧ, ಹುಟ್ಟುಗುಣ ಅಪರಾಧವಲ್ಲ ಎಂಬುದು ಕ್ರೀಡಾಲೋಕದ ಸಾಮಾನ್ಯ ತತ್ವ.

ಫಿನ್ಲೆಂಡಿನ ಸ್ಕೀ ಪಟು ಏರೋ ಮ್ಯಾಂಟಿರಾಂಟಾ (1937–2013) ಇದಕ್ಕೆ ಪ್ರಸಿದ್ಧ ನಿದರ್ಶನ. 3 ಚಿನ್ನ ಸೇರಿದಂತೆ 7 ಒಲಿಂಪಿಕ್ ಪದಕ ಗೆದ್ದ ಅವರ ರಕ್ತದಲ್ಲಿ ಹಿಮೋಗ್ಲೋಬಿನ್ ಪ್ರಮಾಣ ಅಸಾಧಾರಣವಾಗಿತ್ತು. ವಂಶವಾಹಿಯೊಂದರ ವ್ಯತ್ಯಯವೇ ಇದಕ್ಕೆ ಕಾರಣವೆಂದು 1993ರಲ್ಲಿ ಸಂಶೋಧಕರು ಪ್ರಕಟಿಸಿದರು. ಇಂಥದೇ ಫಲವನ್ನು ಇಪಿಒ ಚುಚ್ಚುಮದ್ದಿನಿಂದ ಪಡೆದವರಿಗೆ ನಿಷೇಧ ಕಾದಿರುತ್ತದೆ. ಈ ಹುಟ್ಟುಗುಣಕ್ಕಾಗಿ ಅವರ ಪದಕಗಳನ್ನು ಯಾರೂ ಕಸಿಯಲಿಲ್ಲ.

ಮಹಿಳಾ ವಿಭಾಗದಲ್ಲಿ ಮಾತ್ರ ಕಥೆ ಬೇರೆ. ಓಟದಲ್ಲಿ ಎತ್ತರಕ್ಕೊಂದು ವಿಭಾಗವಿಲ್ಲ, ಲಿಂಗಕ್ಕೊಂದು ವಿಭಾಗವಿದೆ. ಅಗ್ರ ಮಟ್ಟದಲ್ಲಿ ಪುರುಷರ ವೇಗ ಮಹಿಳೆಯರದಕ್ಕಿಂತ ಸುಮಾರು ಶೇ. 10ರಷ್ಟು ಹೆಚ್ಚು, ಇದರಲ್ಲಿ ಟೆಸ್ಟೋಸ್ಟಿರಾನ್ ಹಾರ್ಮೋನಿನ ಪಾತ್ರ ದೊಡ್ಡದು. ಹೀಗಾಗಿ ಆ ಹಾರ್ಮೋನು ಸಹಜವಾಗಿಯೇ ಹೆಚ್ಚಿರುವ ಮಹಿಳೆಯರ ಮೇಲೆ ನಿಯಮದ ಕಣ್ಣು ಬಿತ್ತು.

ತಮಿಳುನಾಡಿನ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ 800 ಮೀ. ಓಟದ ಬೆಳ್ಳಿಯನ್ನು ಲಿಂಗ ಪರೀಕ್ಷೆಯ ಬಳಿಕ ಕಳೆದುಕೊಂಡರು. 2014ರಲ್ಲಿ ಕಾಮನ್‌ವೆಲ್ತ್ ಕೂಟದ ತಂಡದಿಂದ ಹೊರಬಿದ್ದ ಒಡಿಶಾದ ದ್ಯುತಿ ಚಂದ್ ಕ್ರೀಡಾ ನ್ಯಾಯಮಂಡಳಿಯ ಮೆಟ್ಟಿಲೇರಿದರು. ಹಾರ್ಮೋನಿನಿಂದ ಎಷ್ಟು ಅನುಕೂಲವಾಗುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದು ಮಂಡಳಿ 2015ರ ಜುಲೈನಲ್ಲಿ ನಿಯಮವನ್ನು ಅಮಾನತಿನಲ್ಲಿಟ್ಟಿತು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ದ್ಯುತಿ 2 ಬೆಳ್ಳಿ ಗೆದ್ದರು. (2023ರಲ್ಲಿ ಅವರಿಗೆ ವಿಧಿಸಿದ 4 ವರ್ಷಗಳ ನಿಷೇಧ ಉದ್ದೀಪನ ಮದ್ದಿಗೆ ಸಂಬಂಧಿಸಿದ್ದು, ಅದು ಪ್ರತ್ಯೇಕ ಪ್ರಕರಣ.)

2018ರಲ್ಲಿ ಬಂದ ಹೊಸ ನಿಯಮ 400 ಮೀಟರಿನಿಂದ 1 ಮೈಲಿವರೆಗಿನ ಓಟಗಳಿಗೆ ಸೀಮಿತವಾಗಿತ್ತು. ದಕ್ಷಿಣ ಆಫ್ರಿಕಾದ ಕ್ಯಾಸ್ಟರ್ ಸೆಮೆನ್ಯಾ ಅದನ್ನು ಪ್ರಶ್ನಿಸಿದರು. ನಿಯಮ ತಾರತಮ್ಯದ್ದೇ ಹೌದು, ಆದರೂ ಮಹಿಳಾ ವಿಭಾಗದ ರಕ್ಷಣೆಗೆ ಅಗತ್ಯ ಎಂದು 2019ರಲ್ಲಿ ನ್ಯಾಯಮಂಡಳಿ ಬಹುಮತದ ತೀರ್ಪಿತ್ತಿತು. 2023ರಲ್ಲಿ ಮಿತಿ ಎಲ್ಲ ಸ್ಪರ್ಧೆಗಳಿಗೂ ವಿಸ್ತರಿಸಿತು. ಸ್ವಿಟ್ಜರ್ಲೆಂಡಿನ ನ್ಯಾಯಾಲಯದಲ್ಲಿ ಸೆಮೆನ್ಯಾಗೆ ನ್ಯಾಯಯುತ ವಿಚಾರಣೆ ದೊರೆಯಲಿಲ್ಲವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2025ರ ಜುಲೈನಲ್ಲಿ ಹೇಳಿತು. ನಿಯಮ ಮಾತ್ರ ಅದರಿಂದ ರದ್ದಾಗಲಿಲ್ಲ. ಅದೇ ಸೆಪ್ಟೆಂಬರಿನಿಂದ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಮಹಿಳಾ ಸ್ಪರ್ಧಿಗಳಿಗೆ ವಂಶವಾಹಿ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು.

ಮಹಿಳಾ ವಿಭಾಗ ಇರಬೇಕೆಂದರೆ ಎಲ್ಲಿಯಾದರೂ ಗೆರೆ ಎಳೆಯಲೇಬೇಕು. ಆದರೆ ಗೆರೆಯಾಚೆ ಉಳಿಯುವವರು ಮೋಸ ಮಾಡಿದವರಲ್ಲ. ಆದ್ದರಿಂದ ಪುರಾವೆ ಒದಗಿಸುವ ಹೊಣೆ ಗೆರೆ ಎಳೆಯುವವರದು. ಪರೀಕ್ಷೆಗೆ ಒಳಗಾಗುವವರ ಘನತೆಯನ್ನು ಕಾಯುವ ಹೊಣೆಯೂ ಅವರದೇ.