ಮಿದುಳಿನ ಗಡ್ಡೆ ಪೂರ್ತಿ ತೆಗೆಯಲು ಆಗಲಿಲ್ಲ: ಪ್ರೋಟಾನ್‌ಗಾಗಿ ತೋಟ ಮಾರಬೇಕೇ?

ಮಿದುಳಿನ ಆಪರೇಷನ್ ಮುಗಿದ ಮೇಲೆ ಡಾಕ್ಟರು ‘ಸ್ವಲ್ಪ ಗಡ್ಡೆ ಉಳಿದಿದೆ’ ಅಂದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಅಷ್ಟರಲ್ಲಿ ಯಾರೋ ಮೊಬೈಲಿನಲ್ಲಿ ಪ್ರೋಟಾನ್ ಥೆರಪಿಯ ವಿಡಿಯೊ ತೋರಿಸುತ್ತಾರೆ. ಚನ್ನಗಿರಿಯಲ್ಲಾದರೆ ಅಡಿಕೆ ತೋಟ, ಜಗಳೂರಿನಲ್ಲಾದರೆ ಮೆಕ್ಕೆಜೋಳದ ಹೊಲ ಮಾರುವ ಮಾತು ಶುರುವಾಗುತ್ತದೆ. ಇಂಜಿನಿಯರಿಂಗ್ ಓದಿ ಪತ್ರಕರ್ತನಾದ ನನ್ನನ್ನು ಆ ಕಡೆಯ ಪರಿಚಿತರು ಕೇಳೋದು ಒಂದೇ: ‘ಅದನ್ನೇ ಕೊಡಿಸಬೇಕಾ?’ ಕೆಲವರಿಗೆ ಹೌದು. ಬಹಳಷ್ಟು ಜನರಿಗೆ ಬೇಕಾಗಿಲ್ಲ. ಯಾಕೆ ಅಂತ ನೋಡೋಣ.

ಉಳಿದದ್ದೆಲ್ಲ ಸೋಲಲ್ಲ

ಕಣ್ಣಿನ ನರ, ಮಿದುಳಿನ ಕಾಂಡ, ದೊಡ್ಡ ರಕ್ತನಾಳಗಳಿಗೆ ಗಡ್ಡೆ ಅಂಟಿಕೊಂಡಿದ್ದರೆ ಸರ್ಜನ್ ಬೇಕೆಂದೇ ಒಂದಷ್ಟು ಬಿಡುತ್ತಾರೆ. ಕೆರೆದು ತೆಗೆದರೆ ದೃಷ್ಟಿಯೋ ನಡಿಗೆಯೋ ಹೋಗಬಹುದು. ಕ್ರೇನಿಯೋಫ್ಯಾರಿಂಜಿಯೋಮಾ ಎಂಬ ಗಡ್ಡೆಯಲ್ಲಿ ಸುರಕ್ಷಿತವಾದಷ್ಟು ತೆಗೆದು, ಉಳಿದದ್ದಕ್ಕೆ ರೇಡಿಯೇಷನ್ ಕೊಡುವುದು ಒಪ್ಪಿತ ದಾರಿ. ಕ್ಯಾನ್ಸರ್ ಅಲ್ಲದ ಮೆನಿಂಜಿಯೋಮಾ ಸ್ವಲ್ಪ ಉಳಿದರೆ, ಆಗಾಗ ಎಂಆರ್‌ಐ ಮಾಡಿಸುತ್ತಾ ಕಾಯುವುದೂ ಉಂಟು.

ಪ್ರೋಟಾನ್ ಮಾಡೋದೇನು?

ಊರ ಕಡೆ ‘ಕರೆಂಟ್ ಕೊಡೋದು’ ಅನ್ನುವ ಸಾಮಾನ್ಯ ರೇಡಿಯೇಷನ್ ಎಕ್ಸ್‌ರೇ ಕಿರಣ. ಅದು ಭದ್ರಾ ನಾಲೆ ಇದ್ದ ಹಾಗೆ: ಮೇಲ್ಭಾಗಕ್ಕೆ ಹೆಚ್ಚು ಕೊಟ್ಟು, ದಾರಿಯುದ್ದಕ್ಕೂ ಕಡಿಮೆಯಾಗುತ್ತಾ, ಗಡ್ಡೆಯನ್ನು ದಾಟಿ ಆಚೆಗೂ ಹರಿಯುತ್ತದೆ. ಪ್ರೋಟಾನ್ ಪೈಪಿನ ಹಾಗೆ. ದಾರಿಯಲ್ಲಿ ಸ್ವಲ್ಪ ಸೋರಿದರೂ ಹೆಚ್ಚಿನ ಶಕ್ತಿಯನ್ನು ಕೊನೆಯಲ್ಲಿ ಸುರಿದು ಅಲ್ಲೇ ನಿಲ್ಲುತ್ತದೆ. ಈ ತುತ್ತತುದಿಗೆ ಬ್ರ್ಯಾಗ್ ಪೀಕ್ ಎಂದು ಹೆಸರು. 100 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಪ್ರೋಟಾನ್ ನೀರಿನಲ್ಲಿ ಸುಮಾರು 7.7 ಸೆಂ.ಮೀ. ಹೋಗಿ ನಿಲ್ಲುತ್ತದೆ. ಶಕ್ತಿ ಬದಲಿಸಿದರೆ ನಿಲ್ಲುವ ಜಾಗವೂ ಬದಲಾಗುತ್ತದೆ. ಆದರೆ ದೇಹದೊಳಗೆ ಆ ಜಾಗ ಕೆಲವು ಮಿಲಿಮೀಟರ್ ಆಚೀಚೆ ಆಗಬಹುದು. ಅದಕ್ಕೇ ನಾಜೂಕಿನ ಜಾಗದ ಪಕ್ಕದಲ್ಲಿ ಪ್ರೋಟಾನ್‌ಗೂ ಎಚ್ಚರಿಕೆ ಬೇಕು.

ಇದು ಹೊಸ ಕಲ್ಪನೆಯಲ್ಲ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲ್ಸನ್ 1946ರಲ್ಲಿ ಸೂಚಿಸಿದರು. 1954ರಲ್ಲಿ ಬರ್ಕ್ಲಿಯಲ್ಲಿ ಮೊದಲ ರೋಗಿಗೆ ಕೊಟ್ಟರು. ಇನ್ನೂ ಭಾರದ ಕಾರ್ಬನ್ ಅಯಾನುಗಳನ್ನು ಜಪಾನಿನ ಚಿಬಾದಲ್ಲಿ 1994ರಿಂದ ಬಳಸುತ್ತಿದ್ದಾರೆ. ಭಾರತದಲ್ಲಿ ಪ್ರೋಟಾನ್ ಚಿಕಿತ್ಸೆ 2019ರಲ್ಲಿ ಚೆನ್ನೈನ ಅಪೊಲೊದಲ್ಲಿ, 2023ರಲ್ಲಿ ನವಿ ಮುಂಬೈನ ಖಾರ್ಘರ್‌ನಲ್ಲಿರುವ ಟಾಟಾ ಸ್ಮಾರಕ ಕೇಂದ್ರದಲ್ಲಿ ಶುರುವಾಯಿತು.

ಯಾರಿಗೆ ನಿಜವಾದ ಲಾಭ?

ಮೊದಲು ಮಕ್ಕಳು. ಬೆಳೆಯುತ್ತಿರುವ ಮಿದುಳಿಗೆ ಬೇಡದ ಕಿರಣ ತಗುಲಿದರೆ ಕಲಿಕೆ, ಹಾರ್ಮೋನು, ಶ್ರವಣಶಕ್ತಿಗೆ ಪೆಟ್ಟು ಬೀಳಬಹುದು. ಎರಡನೆಯದು, ತಲೆಬುರುಡೆಯ ತಳದ ಕಾರ್ಡೋಮಾದಂಥ ಗಡ್ಡೆ. ಅದಕ್ಕೆ 70 ಗ್ರೇ ಮೀರಿದ ಪ್ರಮಾಣ ಬೇಕು. ಪಕ್ಕದ ಮಿದುಳಿನ ಕಾಂಡಕ್ಕೆ ಸುಮಾರು 54 ಗ್ರೇ ದಾಟಿದರೆ ಅಪಾಯ ಏರುತ್ತದೆ. ಈ ಅಂತರ ಕಾಯುವುದು ಪ್ರೋಟಾನ್‌ಗೆ ಸುಲಭ.

ದೊಡ್ಡವರ ಗ್ಲಿಯೋಬ್ಲಾಸ್ಟೋಮಾದ ಕಥೆ ಬೇರೆ. ಅಲ್ಲಿ ಪ್ರೋಟಾನ್‌ನಿಂದ ಆಯುಸ್ಸು ಹೆಚ್ಚುತ್ತದೆ ಎಂದು ಸಾಬೀತಾಗಿಲ್ಲ. 30 ಸಿಟ್ಟಿಂಗ್‌ನಲ್ಲಿ 60 ಗ್ರೇ ಸಾಮಾನ್ಯ ರೇಡಿಯೇಷನ್, ಜೊತೆಗೆ ಟೆಮೊಜೊಲೊಮೈಡ್ ಮಾತ್ರೆ. 2005ರಿಂದ ರೂಢಿಯಲ್ಲಿರುವ ಚಿಕಿತ್ಸೆ ಇದೇ. ಗಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣ ಹಾಯಿಸುವ ಐಎಂಆರ್‌ಟಿ ತಂತ್ರವೂ ಈಗ ಬಹಳ ನಿಖರ.

ಮಾರುವ ಮುನ್ನ ಕೇಳಿ

1. ಬಯಾಪ್ಸಿ ಪ್ರಕಾರ ಗಡ್ಡೆಯ ಹೆಸರೇನು, ಗ್ರೇಡ್ ಎಷ್ಟು?
2. ಉಳಿದದ್ದು ಎಲ್ಲಿದೆ? ಆಪರೇಷನ್ ಆದ 72 ಗಂಟೆಯೊಳಗೆ ತೆಗೆದ ಎಂಆರ್‌ಐ ಇದ್ದರೆ ಚೆನ್ನಾಗಿ ಗೊತ್ತಾಗುತ್ತದೆ. ಅದರ ಸಿಡಿ ಇಟ್ಟುಕೊಳ್ಳಿ.
3. ರೇಡಿಯೇಷನ್ ಈಗಲೇ ಬೇಕೋ, ಕಾಯಬಹುದೋ?
4. ಐಎಂಆರ್‌ಟಿ, ಪ್ರೋಟಾನ್ ಎರಡರ ಪ್ಲಾನ್ ಹೋಲಿಸಿದರೆ ಕಣ್ಣಿಗೆ, ಕಿವಿಗೆ, ನೆನಪಿಗೆ ಎಷ್ಟು ವ್ಯತ್ಯಾಸ?

ನಾಲ್ಕನೆಯದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಬೆಂಗಳೂರಿನ ಕಿದ್ವಾಯಿಯಲ್ಲೋ ನಿಮ್ಹಾನ್ಸ್‌ನಲ್ಲೋ ಎರಡನೇ ಅಭಿಪ್ರಾಯ ಪಡೆಯಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕಿರುವ ಮಿತಿ ವರ್ಷಕ್ಕೆ 5 ಲಕ್ಷ ರೂಪಾಯಿ. ಖಾಸಗಿ ಪ್ರೋಟಾನ್ ಬಿಲ್ಲು ಅದನ್ನು ಎಷ್ಟೋ ಪಟ್ಟು ದಾಟುತ್ತದೆ.

ಇನ್ನೊಂದು ಲೆಕ್ಕ ಯಾರೂ ಹಾಕೋದಿಲ್ಲ. ವಾರಕ್ಕೆ ಐದು ದಿನದಂತೆ 30 ಸಿಟ್ಟಿಂಗ್ ಅಂದರೆ ಆರು ವಾರ. ಹೊನ್ನಾಳಿ, ನ್ಯಾಮತಿಯಿಂದ ಹೋದವರಿಗೆ ರೂಮು, ಊಟ, ಜೊತೆಗೊಬ್ಬರ ಕೂಲಿ ನಷ್ಟ ಎಲ್ಲ ಇದರಲ್ಲೇ ಬರುತ್ತದೆ. ಹಣ ಸಾಲದೆ ಮಧ್ಯದಲ್ಲಿ ನಿಲ್ಲಿಸಿದರೆ ಚಿಕಿತ್ಸೆಯ ಬಲವೇ ಕುಗ್ಗುತ್ತದೆ. ಹಾಗಾಗಿ ಪ್ರೋಟಾನ್ ಕಡ್ಡಾಯ ಅಲ್ಲದವರಿಗೆ, ದೂರದಲ್ಲಿ ಅರ್ಧಕ್ಕೆ ನಿಂತ ಪ್ರೋಟಾನ್‌ಗಿಂತ ಹತ್ತಿರದಲ್ಲಿ ಪೂರ್ತಿಯಾದ ಐಎಂಆರ್‌ಟಿ ಎಷ್ಟೋ ಮೇಲು. ಮಗುವಿಗೋ ಕಾರ್ಡೋಮಾಕ್ಕೋ ಡಾಕ್ಟರು ಪ್ರೋಟಾನ್ ಬರೆದುಕೊಟ್ಟರೆ ಮಾತ್ರ ತಡ ಮಾಡಬೇಡಿ. ತೋಟದ ಪತ್ರಕ್ಕೆ ಕೈ ಹಾಕುವ ಮುಂಚೆ ಖಾರ್ಘರ್‌ಗೆ ಆ ಫೈಲು ಕಳಿಸಿ.