ಬಾಲ್ಯವೂ ಪಾಲನೆಯ ಭಾಗವೇ: ಅಮೆರಿಕದ ಫಾಸ್ಟರ್ ಕೇರ್ ಮಕ್ಕಳು ಮತ್ತು ದಾನಿಗಳ ಹೊಣೆ

ಹೆತ್ತವರ ಮನೆಯಲ್ಲಿ ಕ್ಷೇಮವಾಗಿ ಇರಲಾಗದ ಮಕ್ಕಳನ್ನು ನ್ಯಾಯಾಲಯದ ಒಪ್ಪಿಗೆಯ ಮೇಲೆ ಸರ್ಕಾರ ತನ್ನ ಸುಪರ್ದಿಗೆ ತೆಗೆದುಕೊಂಡು, ಬಂಧುಗಳ ಮನೆಯಲ್ಲೋ ಪರವಾನಗಿ ಪಡೆದ ಸಾಕುಕುಟುಂಬದಲ್ಲೋ ಇರಿಸುವ ಏರ್ಪಾಡಿಗೆ ಅಮೆರಿಕದಲ್ಲಿ ಫಾಸ್ಟರ್ ಕೇರ್ ಎನ್ನುತ್ತಾರೆ. 2014ರಲ್ಲಿ ಈ ಏರ್ಪಾಡಿನಲ್ಲಿ 4 ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. 2023ರ ಹೊತ್ತಿಗೆ ಆ ಸಂಖ್ಯೆ ಮೂರೂವರೆ ಲಕ್ಷದೊಳಗೆ ಇಳಿಯಿತು. ಇವರ ಊಟ, ಬಟ್ಟೆ, ವಸತಿಗೆ ಸರ್ಕಾರ ಸಾಕುಕುಟುಂಬಕ್ಕೆ ತಿಂಗಳು ತಿಂಗಳು ಹಣ ಕೊಡುತ್ತದೆ. ಬೇಸಿಗೆ ಶಿಬಿರ, ಪಿಟೀಲು ಪಾಠ, ಈಜಿನ ತರಗತಿ, ಶಾಲೆಯ ಪ್ರವಾಸ ಇವೆಲ್ಲ ಬಹುಮಟ್ಟಿಗೆ ದಾನಿಗಳ ಕೈಗೆ ಬಿಟ್ಟ ಮಾತು. ಪಾಲನೆಯ ಕೆಲಸವೆಲ್ಲ ಮುಗಿದ ಮೇಲೆ ಉಳಿದ ಹಣದಲ್ಲಿ ಮಾಡುವ ಉಪಚಾರ ಇದು ಎಂದು ಅನೇಕರು ತಿಳಿದಿದ್ದಾರೆ. ಇದು ಪಾಲನೆಯದೇ ಭಾಗ, ಇದಿಲ್ಲದೆ ಪಾಲನೆ ಅರ್ಧಕ್ಕೇ ನಿಲ್ಲುತ್ತದೆ ಎಂಬುದು ನನ್ನ ವಾದ. ಈ ವ್ಯವಸ್ಥೆ ನಡೆದು ಬಂದ ದಾರಿಯೇ ಅದಕ್ಕೆ ಸಾಕ್ಷಿ.

ಅನಾಥರಿಗೂ ಬಡವರ ಮಕ್ಕಳಿಗೂ ನೆರವಾಗಬೇಕೆಂದು ಚಾರ್ಲ್ಸ್ ಲೋರಿಂಗ್ ಬ್ರೇಸ್ ನ್ಯೂಯಾರ್ಕಿನಲ್ಲಿ ಚಿಲ್ಡ್ರನ್ಸ್ ಏಡ್ ಸೊಸೈಟಿಯನ್ನು ಕಟ್ಟಿದ್ದು 1853ರಲ್ಲಿ. ಮರುವರ್ಷವೇ ಮಕ್ಕಳ ಮೊದಲ ತಂಡ ರೈಲು ಹತ್ತಿ ಮಿಶಿಗನ್ನಿನ ಡೋವಾಜಿಯಾಕ್ ಊರಿಗೆ ಹೋಯಿತು. 1929ರವರೆಗೆ ನಡೆದ ಈ ‘ಅನಾಥರ ರೈಲು’ಗಳಲ್ಲಿ ಸುಮಾರು ಎರಡು ಲಕ್ಷ ಮಕ್ಕಳು ಪಶ್ಚಿಮದ ಹಳ್ಳಿಗಳಿಗೆ ಸಾಗಿದರು. ಊರಿನ ಸಭಾಂಗಣದಲ್ಲಿ ಅವರನ್ನು ಸಾಲಾಗಿ ನಿಲ್ಲಿಸಲಾಗುತ್ತಿತ್ತು. ಬಂದವರು ತಮಗೆ ಬೇಕಾದವರನ್ನು ಆರಿಸಿಕೊಂಡು ಹೋಗುತ್ತಿದ್ದರು. ಒಳ್ಳೆಯ ಮನೆ ಸಿಕ್ಕ ಮಕ್ಕಳೂ ಇದ್ದರು, ಹೊಲದ ಆಳುಗಳಾಗಿ ಉಳಿದವರೂ ಇದ್ದರು. ಅಣ್ಣ ಒಂದು ಊರಿನಲ್ಲಿ, ತಂಗಿ ಇನ್ನೊಂದು ಊರಿನಲ್ಲಿ ಇಳಿದದ್ದು ಅಪರೂಪವೇನಲ್ಲ. ಬ್ರೇಸ್ ಅವರ ಉದ್ದೇಶವನ್ನು ಯಾರೂ ಶಂಕಿಸಬೇಕಿಲ್ಲ. ಆದರೆ ಮಗುವಿಗೆ ಸೂರು ಸಿಕ್ಕಿತೆಂದರೆ ಎಲ್ಲವೂ ಸಿಕ್ಕಿತು ಎಂಬ ಎಣಿಕೆ ಅಂದೇ ಬೇರೂರಿತು. 1877ರಲ್ಲಿ ಪೆನ್ಸಿಲ್ವೇನಿಯಾದ ಶೆರ್ಮನ್ ಎಂಬ ಪುಟ್ಟ ಊರಿನ ಪಾದ್ರಿ ವಿಲ್ಲರ್ಡ್ ಪಾರ್ಸನ್ಸ್ ಇನ್ನೊಂದು ಬಗೆಯ ದಾನವನ್ನು ತೋರಿಸಿಕೊಟ್ಟರು. ನ್ಯೂಯಾರ್ಕಿನ ಇಕ್ಕಟ್ಟಿನ ವಠಾರಗಳ ಮಕ್ಕಳನ್ನು ಬೇಸಿಗೆಯಲ್ಲಿ ಕೆಲವು ದಿನ ನಿಮ್ಮ ಮನೆಯಲ್ಲಿ ಇರಿಸಿಕೊಳ್ಳಿ ಎಂದು ಅವರು ತಮ್ಮ ಸಭೆಯವರನ್ನು ಕೇಳಿದರು. ಫ್ರೆಶ್ ಏರ್ ಫಂಡ್ ಹುಟ್ಟಿದ್ದು ಹಾಗೆ. ಆ ಮಕ್ಕಳು ಫಾಸ್ಟರ್ ಕೇರಿನವರಲ್ಲ, ತಂದೆತಾಯಿ ಇದ್ದವರು. ಆದರೂ ಹೊಟ್ಟೆ ತುಂಬಿಸುವುದಷ್ಟೇ ದಾನವಲ್ಲ, ಮಗುವಿಗೆ ಹೊಲ, ಹೊಳೆ, ಆಟ ಕೊಡುವುದೂ ದಾನವೇ ಎಂಬ ತಿಳಿವಳಿಕೆ ಅಲ್ಲಿ ಕಾಣುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ದಾನದ ಜಾಗಕ್ಕೆ ಸರ್ಕಾರ ಬಂತು, ಅದರ ಹಿಂದೆ ನಿಯಮಗಳು ಬಂದವು. ಮಗುವಿಗೆ ಏನಾದರೂ ಆದರೆ ಇಲಾಖೆಯೇ ಉತ್ತರ ಹೇಳಬೇಕು ಎಂಬ ಭಯ ಅವುಗಳ ಬೆನ್ನಿಗಿತ್ತು. ಭಯಕ್ಕೆ ಕಾರಣವೂ ಇತ್ತು. ಪರಿಣಾಮ ಮಾತ್ರ ವಿಪರೀತವಾಯಿತು. ಗೆಳತಿಯ ಮನೆಯಲ್ಲಿ ಒಂದು ರಾತ್ರಿ ಮಲಗಬೇಕಾದರೆ ಆ ಮನೆಯವರ ಪೊಲೀಸ್ ದಾಖಲೆ ಪರಿಶೀಲನೆಯಾಗಬೇಕಿತ್ತು, ಶಾಲೆಯ ಪ್ರವಾಸಕ್ಕೆ ಇಲಾಖೆಯವರ ಸಹಿ ಬೇಕಿತ್ತು. ಸಹಿ ಬರುವಷ್ಟರಲ್ಲಿ ಬಸ್ಸು ಹೊರಟಿರುತ್ತಿತ್ತು. ಹೀಗೆ ಮಗುವನ್ನು ಕಾಪಾಡಲು ಹೋಗಿ ಅದರ ಬಾಲ್ಯವನ್ನೇ ಕಿತ್ತುಕೊಂಡಂತಾಯಿತು. 2013ರಲ್ಲಿ ಫ್ಲಾರಿಡಾ ರಾಜ್ಯ ಇದನ್ನು ಸಡಿಲಿಸುವ ಕಾನೂನು ಮಾಡಿತು. 2014ರ ಸೆಪ್ಟೆಂಬರಿನಲ್ಲಿ ಬಂದ ಒಕ್ಕೂಟ ಸರ್ಕಾರದ ಕಾನೂನು, ವಿವೇಕವುಳ್ಳ ತಂದೆತಾಯಿ ತಮ್ಮ ಮಗುವಿನ ವಿಷಯದಲ್ಲಿ ತೆಗೆದುಕೊಳ್ಳುವಂಥ ತೀರ್ಮಾನವನ್ನು ಸಾಕುಪೋಷಕರೂ ತೆಗೆದುಕೊಳ್ಳಬಹುದು ಎಂಬ ಅಳತೆಗೋಲನ್ನು ಇಡೀ ದೇಶಕ್ಕೆ ತಂದಿತು. ಅನುಮತಿಯ ತೊಡಕು ನೀಗಿತು. ಶುಲ್ಕ ಕಟ್ಟುವವರು ಯಾರು ಎಂಬ ಪ್ರಶ್ನೆ ಉಳಿಯಿತು. ವಯಸ್ಸಿಗೆ ಬರುತ್ತಿರುವ ಫಾಸ್ಟರ್ ಮಕ್ಕಳಿಗಾಗಿ ಇರುವ ಚೇಫಿ ಕಾರ್ಯಕ್ರಮದ ವಾರ್ಷಿಕ 14 ಕೋಟಿ ಡಾಲರಿಗೆ ಅದೇ ಕಾನೂನು 2020ರಿಂದ 30 ಲಕ್ಷ ಡಾಲರ್ ಸೇರಿಸಿತು. ಇಡೀ ದೇಶಕ್ಕೆ ಹಂಚಿದರೆ ಅದು ಎಷ್ಟು ತೆಳುವಾದೀತೆಂದು ಹೇಳಬೇಕಿಲ್ಲ. ಈ ತೆರಪಿನಲ್ಲೇ ದಾನಿಗಳ ಕೆಲಸವಿದೆ.

ಆ ಕೆಲಸದ ಅತ್ಯುತ್ತಮ ಮಾದರಿಯೆಂದು ನಾನು ಎಣಿಸುವುದು 1995ರಲ್ಲಿ ಲಿನ್ ಪ್ರೈಸ್ ಲಾಸ್ ವೇಗಸ್‌ನಲ್ಲಿ ಆರಂಭಿಸಿದ ‘ಕ್ಯಾಂಪ್ ಟು ಬಿಲಾಂಗ್’ ಶಿಬಿರವನ್ನು. ಸ್ವತಃ ಫಾಸ್ಟರ್ ಕೇರಿನಲ್ಲಿ ಬೆಳೆದ ಪ್ರೈಸ್ ಮತ್ತು ಅವರ ಅಕ್ಕನಿಗೆ ಬಾಲ್ಯದಲ್ಲಿ ಒಂದೇ ಮನೆ ಸಿಕ್ಕಿರಲಿಲ್ಲ. ಮಕ್ಕಳ ತಾತ್ಕಾಲಿಕ ಆಶ್ರಯವೊಂದರಲ್ಲಿ ಸ್ವಯಂಸೇವಕಿಯಾಗಿದ್ದಾಗ, ಒಂದೇ ಬಳ್ಳಿಯ ಮಕ್ಕಳು ಬೇರೆ ಬೇರೆ ಮನೆಗಳಿಗೆ ಹೋಗುವುದನ್ನು ಅವರು ಕಂಡರು. ಇದರಲ್ಲಿ ಯಾರ ಕೇಡಿಗತನವೂ ಇರಬೇಕಿಲ್ಲ. ಸಾಕುಮನೆಯ ಪರವಾನಗಿಯಲ್ಲಿ ಇಷ್ಟೇ ಮಕ್ಕಳೆಂಬ ಮಿತಿಯಿರುತ್ತದೆ. ನಾಲ್ವರು ಒಟ್ಟಿಗೆ ಬಂದರೆ ನಾಲ್ಕು ಹಾಸಿಗೆಯಿರುವ ಮನೆ ಸಿಗುವುದು ಕಷ್ಟ. ಒಬ್ಬನಿಗೆ ವಿಶೇಷ ಆರೈಕೆ ಬೇಕಾಗಿರಬಹುದು, ಕೂಸು ತಡವಾಗಿ ಬಂದಿರಬಹುದು. ಇಂಥ ಒಡಹುಟ್ಟಿದವರನ್ನು ಶಿಬಿರ ಬೇಸಿಗೆಯ ಕೆಲವು ದಿನ ಒಂದೆಡೆ ಸೇರಿಸುತ್ತದೆ. ಈಜು, ಆಟ, ಬೆಂಕಿಯ ಸುತ್ತ ಹಾಡು ಎಲ್ಲ ಶಿಬಿರಗಳಲ್ಲೂ ಇರುವಂಥವೇ. ಇಲ್ಲಿ ವಿಶೇಷವಾದವು ಎರಡು. ಒಂದು, ಜೊತೆಗಿಲ್ಲದೆ ಕಳೆದುಹೋದ ಹುಟ್ಟುಹಬ್ಬಗಳನ್ನು ಸೇರಿ ಆಚರಿಸುವುದು. ಇನ್ನೊಂದು, ಅಣ್ಣ ತಂಗಿಗೆ, ತಂಗಿ ಅಣ್ಣನಿಗೆ ಕೈಯಾರೆ ದಿಂಬು ಮಾಡಿಕೊಡುವುದು. ಬಟ್ಟೆಬರೆಯನ್ನು ಕಸದ ಚೀಲದಲ್ಲಿ ತುಂಬಿಕೊಂಡು ಮನೆಯಿಂದ ಮನೆಗೆ ಸಾಗುವ ಪಾಡು ಈ ಮಕ್ಕಳಲ್ಲಿ ಎಷ್ಟೋ ಜನರದು. ಅಂಥ ಮಗುವಿನ ಕೈಯಲ್ಲಿ ತನ್ನವರು ಮಾಡಿಕೊಟ್ಟ ಒಂದು ವಸ್ತು ಇರುವುದು ಸಣ್ಣ ಸಂಗತಿಯಲ್ಲ. ಒಡಹುಟ್ಟಿದವರನ್ನು ಒಟ್ಟಿಗೆ ಇರಿಸಲು, ಆಗದಿದ್ದರೆ ಆಗಾಗ ಭೇಟಿ ಮಾಡಿಸಲು ರಾಜ್ಯಗಳು ಯತ್ನಿಸಬೇಕೆಂದು ಒಕ್ಕೂಟದ ಕಾನೂನು ಹೇಳಿದ್ದು 2008ರಲ್ಲಿ. ಶಿಬಿರ ಅದಕ್ಕಿಂತ 13 ವರ್ಷ ಮುಂದಿತ್ತು.

ಒಂದು ವಾರದ ಸುಖದಿಂದ ಏನಾದೀತು, ಮುಗಿದ ಮೇಲೆ ಅಗಲಿಕೆ ಇನ್ನಷ್ಟು ನೋಯಿಸುವುದಿಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬಾಲ್ಯದ ಹಿಂಸೆ, ನಿರ್ಲಕ್ಷ್ಯಗಳಿಗೂ ದೊಡ್ಡವರಾದ ಮೇಲಿನ ಕಾಯಿಲೆಗಳಿಗೂ ನಂಟಿದೆಯೆಂದು ಫೆಲಿಟ್ಟಿ ಮತ್ತು ಆಂಡಾ 1998ರಲ್ಲಿ ತೋರಿಸಿದ್ದರು. 2019ರಲ್ಲಿ ಕ್ರಿಸ್ಟಿನಾ ಬೆಥೆಲ್ ಮತ್ತು ಸಂಗಡಿಗರು ವಿಸ್ಕಾನ್ಸಿನ್ನಿನ 6,188 ವಯಸ್ಕರ ಉತ್ತರಗಳನ್ನು ಪರಿಶೀಲಿಸಿ ನಾಣ್ಯದ ಇನ್ನೊಂದು ಮುಖವನ್ನು ನೋಡಿದರು. ಬಾಲ್ಯದ ಏಳು ಒಳ್ಳೆಯ ಅನುಭವಗಳಲ್ಲಿ ಆರೇಳನ್ನು ಪಡೆದವರಲ್ಲಿ ಖಿನ್ನತೆ ಮತ್ತು ಮಾನಸಿಕ ಅಸ್ವಾಸ್ಥ್ಯದ ಸಂಭವ, ಎರಡು ಅಥವಾ ಅದಕ್ಕೂ ಕಡಿಮೆ ಪಡೆದವರಿಗಿಂತ ಶೇ. 72ರಷ್ಟು ಕಡಿಮೆಯಿತ್ತು. ಕಷ್ಟ ಉಂಡವರಲ್ಲೂ ಈ ನಂಟು ಕಂಡಿತು. ನಂಟು ಎಂದರೆ ಕಾರಣ ಎಂದೇ ಅರ್ಥವಲ್ಲ, ಒಪ್ಪುತ್ತೇನೆ. ಆದರೂ ಆ ಏಳರಲ್ಲಿ ಏನೇನಿದೆ ನೋಡಿ: ಗೆಳೆಯರ ಬೆಂಬಲ, ಸಮುದಾಯದ ಆಚರಣೆಗಳಲ್ಲಿ ಸಂತೋಷದಿಂದ ಪಾಲ್ಗೊಳ್ಳುವುದು, ಹೆತ್ತವರಲ್ಲದ ಕನಿಷ್ಠ ಇಬ್ಬರು ಹಿರಿಯರ ನಿಜವಾದ ಅಕ್ಕರೆ. ಒಂದು ದಿನದ ಕ್ರಿಸ್‌ಮಸ್ ಪಾರ್ಟಿಯಿಂದ ಇವು ಬರುವುದಿಲ್ಲ. ವರ್ಷವರ್ಷವೂ ಅದೇ ಶಿಬಿರ, ಅದೇ ಮೇಷ್ಟ್ರು, ಅದೇ ಗೆಳೆಯರು ಸಿಕ್ಕರೆ ಬರುತ್ತವೆ. ಹಾಗಾಗಿ ಆ ಪ್ರಶ್ನೆ ಬಿಡಿಬಿಡಿಯಾದ ದಾನಕ್ಕೆ ಅನ್ವಯಿಸುತ್ತದೆಯೇ ಹೊರತು ಅನುಭವಕ್ಕಾಗಿ ಕೊಡುವ ದಾನಕ್ಕಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಮಕ್ಕಳನ್ನು ಮನೆಯಿಂದ ತೆಗೆಯುವ ಪ್ರಕರಣಗಳಲ್ಲಿ ಅತಿ ಹೆಚ್ಚು ದಾಖಲಾಗುವ ಕಾರಣ ನಿರ್ಲಕ್ಷ್ಯ. ಅದರ ಹಿಂದೆ ಎಷ್ಟೋ ಬಾರಿ ಇರುವುದು ಬಡತನ. ಬರಿಯ ಬಡತನಕ್ಕಾಗಿ ಮಗುವನ್ನು ಮನೆಯಿಂದ ಅಗಲಿಸಬಾರದೆಂದು 1909ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಕರೆದ ಶ್ವೇತಭವನದ ಸಮ್ಮೇಳನವೇ ಹೇಳಿತ್ತು. ಹಾಗಿದ್ದರೆ ಶಿಬಿರಕ್ಕೆ ಕೊಡುವ ಹಣವನ್ನು ಆ ಕುಟುಂಬಗಳಿಗೇ ಕೊಡಬಾರದೇಕೆ? ಕೊಡಬೇಕು. ಮನೆ ಮುರಿಯದಂತೆ ತಡೆಯುವ ಸೇವೆಗಳಿಗೆ ಒಕ್ಕೂಟದ ಹಣ ಬಳಸಲು 2018ರ ಕಾನೂನು ದಾರಿ ತೆರೆದಿದೆ. ಅದು ದೊಡ್ಡ ಹಣದ ಕೆಲಸ, ಸರ್ಕಾರವೇ ಮಾಡಬೇಕಾದದ್ದು. ಆದರೆ ಈಗಾಗಲೇ ಸಾಕುಮನೆಯಲ್ಲಿರುವ ಒಂಬತ್ತರ ಹುಡುಗಿಯ ಬೇಸಿಗೆ ಆ ಸುಧಾರಣೆಗಾಗಿ ಕಾಯುವುದಿಲ್ಲ. ದಾನದ ಹೆಸರಿನಲ್ಲಿ ಮಗುವಿನ ಮಾನ ಹೋಗುತ್ತದೆ ಎಂಬ ಮಾತನ್ನಂತೂ ನಾನು ಪೂರ್ತಿ ಒಪ್ಪುತ್ತೇನೆ. ಮಗುವನ್ನು ವೇದಿಕೆಗೆ ಕರೆದು ಫೋಟೊ ತೆಗೆಯುವ ದಾನ ಬೇಡ. ತಬಲಾ ಬೇಕೋ ಫುಟ್‌ಬಾಲ್ ಬೇಕೋ ಎಂದು ಮಗುವನ್ನೇ ಕೇಳಿ, ಶುಲ್ಕವನ್ನು ಸದ್ದಿಲ್ಲದೆ ಕಟ್ಟುವ ದಾನ ಬೇಕು.

ಅಮೆರಿಕದ ಕನ್ನಡ ಕೂಟಗಳು ಯುಗಾದಿ, ರಾಜ್ಯೋತ್ಸವ, ಪಿಕ್ನಿಕ್, ಸಂಗೀತ ನೃತ್ಯಗಳಿಗೆ ಮಕ್ಕಳನ್ನು ಸೇರಿಸುವುದರಲ್ಲಿ ಪಳಗಿವೆ. ಬೆಥೆಲ್ ಹೇಳುವ ಒಳ್ಳೆಯ ಅನುಭವಗಳಲ್ಲಿ ಕೆಲವನ್ನಾದರೂ ನಾವು ನಮ್ಮ ಮಕ್ಕಳಿಗೆ ಯೋಚಿಸದೆಯೇ ಕೊಡುತ್ತಿದ್ದೇವೆ. ತಮ್ಮ ಕೌಂಟಿಯ ಮಕ್ಕಳ ಇಲಾಖೆಯನ್ನು ಸಂಪರ್ಕಿಸಿ, ಸ್ವಯಂಸೇವಕರ ಹಿನ್ನೆಲೆ ಪರಿಶೀಲನೆಯನ್ನು ಮುಗಿಸಿಕೊಂಡು, ಪ್ರತಿಯೊಂದು ಕೂಟ ಈ ವರ್ಷದಿಂದ ಕೆಲವು ಮಕ್ಕಳ ಶಿಬಿರದ ಅಥವಾ ತರಗತಿಯ ಖರ್ಚನ್ನು ವಹಿಸಿಕೊಳ್ಳಲಿ. ಒಂದೇ ವರ್ಷಕ್ಕೆ ಕೈಬಿಡದೆ, ಅದೇ ಮಕ್ಕಳಿಗೆ ಮುಂದಿನ ವರ್ಷವೂ ಕೊಡುವಷ್ಟು ಹಣವನ್ನು ತೆಗೆದಿಟ್ಟೇ ಆರಂಭಿಸಲಿ ಎಂದು ಓದುಗರಲ್ಲಿ ನನ್ನ ಕೋರಿಕೆ.